ಉಪ್ಪು ತಿಂದ ಕಲ್ಲು

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳಿಗೆ ನುಗ್ಗಿದಾಗ ಎಲ್ಲರೂ ಹೌಹಾರಿದರು. ನೀರು ಇಳಿದದ್ದೇ ತಡ, ಗಂಡಾಂತರ ಕಳೆಯಿತೆಂದು ನಿರಾಳರಾದರು. ಆದರೆ ಆ ಗುಡಿಗಳ ಮರಳುಗಲ್ಲಿನ ಮಟ್ಟಿಗೆ ತಾಪತ್ರಯ ಶುರುವಾಗುವುದೇ ನೀರು ಆರತೊಡಗಿದಾಗ.

ದೀಪದ ಬತ್ತಿ ಎಣ್ಣೆ ಏರಿಸಿದಂತೆ ಕಲ್ಲಿನ ಸಂದುಗಳು ನೆಲದ ನೀರನ್ನು ಮೇಲೆತ್ತುತ್ತವೆ. ಹೊಲದ ಗೊಬ್ಬರ, ಬಾವಲಿಗಳ ಹಿಕ್ಕೆ, ದುರಸ್ತಿಗೆ ಬಳಿದ ಸಿಮೆಂಟು, ಇವುಗಳ ಉಪ್ಪೂ ಜೊತೆಗೇ ಏರುತ್ತದೆ. ಕಂಬದ ಬುಡ ಗಟ್ಟಿಯಾಗಿದ್ದು ಮೊಣಕಾಲೆತ್ತರದಲ್ಲಿ ಪುಡಿ ಉದುರುವುದು ಇದಕ್ಕೇ: ಬುಡ ಸದಾ ಒದ್ದೆ, ಅಲ್ಲಿ ಉಪ್ಪು ಕರಗಿಯೇ ಇರುತ್ತದೆ, ಗಾಳಿಗೆ ಆರುವ ಎತ್ತರದಲ್ಲಿ ಹರಳುಗಟ್ಟುತ್ತದೆ. ಹೊರಮೈಯ ಬಿಳಿ ಪುಡಿ ಕಂಡು ಗಾಬರಿಯಾಗುತ್ತೇವೆ, ಆದರೆ ಕೆತ್ತನೆಯನ್ನು ಸಿಪ್ಪೆ ಏಳಿಸುವುದು ಮೈಯೊಳಗೆ ಕಟ್ಟಿದ ಹರಳು.

ಈ ಉಪ್ಪುಗಳಲ್ಲಿ ಮಹಾ ತುಂಟ ಸೋಡಿಯಂ ಸಲ್ಫೇಟ್. ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ, ಇದಂತೂ ಒಂದಕ್ಕೆ ಹತ್ತು ನೀರಿನ ಅಣುಗಳನ್ನು ಸೇರಿಸಿಕೊಂಡು ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಚೆಂಬಿನಲ್ಲಿ ನೆನೆದ ಕಡಲೆಯ ಹಾಗೆ ಅನ್ನುತ್ತಾರೆ. ಆ ಹೋಲಿಕೆ ಅರ್ಧ ಮಾತ್ರ ಸರಿ. ಒಣ ಉಪ್ಪಿಗೆ ನೀರು ತಾಗಿದಾಗ ಅದು ಮೊದಲು ಕರಗುತ್ತದೆ. 32.4 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿದ್ದರೆ ಆ ದ್ರಾವಣ ನೀರು ಕೂಡಿದ ಹರಳಿನ ಪಾಲಿಗೆ ಅತಿಯಾದ ಗಟ್ಟಿ ಪಾಕ. ಏರುಪಾಕದ ಸಕ್ಕರೆ ತಟ್ಟನೆ ಹರಳಾಗುವಂತೆ ಇದೂ ಹರಳಾಗುತ್ತದೆ. ಹರಳಿಗೂ ಸಂದಿನ ಗೋಡೆಗೂ ನಡುವೆ ತೆಳು ನೀರಿನ ಪದರ ಉಳಿದಿರುವುದರಿಂದ ಹರಳು ಬೆಳೆಯುತ್ತಲೇ ಗೋಡೆಯನ್ನು ಒತ್ತುತ್ತದೆ, ಬಿರುಕಿಗೆ ಹೊಕ್ಕ ಅರಳಿಯ ಬೇರಿನಂತೆ. ಬಿಸಿಲಿಗೆ ಒಣಗಿ, ಮತ್ತೆ ತೇವವಾದಾಗಲೆಲ್ಲ ಇದೇ ಪುನರಾವರ್ತನೆ.

ಹೊಸ ಸಂಗತಿಯೇನಲ್ಲ. ಈಜಿಪ್ಟಿನ ನೆಲದಿಂದ ಉಪ್ಪು ಒಸರಿ ಪಿರಮಿಡ್ಡುಗಳನ್ನೂ ಕೆಡಿಸುತ್ತಿದೆ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿಸ್ತಪೂರ್ವ 5ನೇ ಶತಮಾನದಲ್ಲೇ ಬರೆದಿದ್ದ. ನಾವು ಇಂದಿಗೂ ಕಲ್ಲಿನ ಆಯಸ್ಸು ಮುಗಿಯಿತು ಅನ್ನುತ್ತೇವೆ, ಇಲ್ಲವೇ ಪೈಪು ಹಿಡಿದು ತೊಳೆಯುತ್ತೇವೆ. ತೊಳೆದರೆ ಉಪ್ಪು ಕರಗಿ ಇನ್ನಷ್ಟು ಒಳಗಿಳಿಯುತ್ತದೆ. ವಾರ್ನಿಷ್ ಬಳಿದರೆ ಅದರ ಹಿಂದೆ ಹರಳುಗಟ್ಟಿ ಪದರವನ್ನೇ ಕಿತ್ತುಕೊಂಡು ಬರುತ್ತದೆ. ಸಿಮೆಂಟಿನದು ಎರಡು ಅಪರಾಧ: ತಾನೇ ಉಪ್ಪು ಕೊಡುತ್ತದೆ, ನೀರಿಗೆ ದಾರಿ ಬಿಡದೆ ಅದನ್ನು ಪಕ್ಕದ ಕಲ್ಲಿಗೆ ತಳ್ಳುತ್ತದೆ. ಸುಣ್ಣದ ಗಾರೆ ಕಲ್ಲಿಗಿಂತ ಮೆದು. ನೀರು ಅದರ ಮೂಲಕವೇ ಆರಿ, ಉದುರುವುದು ಗಾರೆಯೇ. ಗಾರೆಯನ್ನು ಮತ್ತೆ ತುಂಬಬಹುದು.

ಉಪ್ಪು ತೆಗೆಯುವ ಮೊದಲು ನೀರು ಬರುವ ದಾರಿ ಮುಚ್ಚಬೇಕು, ಚರಂಡಿ ಸರಿಮಾಡಬೇಕು. ಇಲ್ಲದಿದ್ದರೆ ಸೋರುವ ದೋಣಿಯ ನೀರು ಮೊಗೆದಂತೆ. ಒಣಹವೆಯಲ್ಲಿ ಮೆತ್ತನೆ ಕುಂಚದಿಂದ ಬಿಳಿ ಪುಡಿಯನ್ನು ಸವರಿ ತೆಗೆದು, ಗುಡಿಯ ಆವರಣದಿಂದಲೇ ಆಚೆ ಹಾಕಬೇಕು. ಸಡಿಲವಾದ ಸಿಪ್ಪೆ ಇದ್ದರೆ ಕುಂಚ ತಾಗಿಸದೆ ಮೊದಲು ಅದನ್ನು ಭದ್ರಪಡಿಸಬೇಕು. ಆಮೇಲೆ ತೆಳು ಜಪಾನಿ ಕಾಗದ ಹೊದಿಸಿ, ಬಟ್ಟಿ ಇಳಿಸಿದ ನೀರಲ್ಲಿ ನೆನೆಸಿದ ಕಾಗದದ ತಿರುಳನ್ನು 1–2 ಸೆಂ.ಮೀ. ದಪ್ಪ ಮೆತ್ತಬೇಕು, ತಾನಾಗಿ ನೀರು ತೊಟ್ಟಿಕ್ಕದಷ್ಟು ಒದ್ದೆ ಸಾಕು. ತಿರುಳು ಆರುತ್ತಾ ಕಲ್ಲಿನ ಉಪ್ಪುನೀರನ್ನು ಹೀರುತ್ತದೆ. ಒಣಗಿದ ತಿರುಳನ್ನು ಪ್ರತಿ ಸಲ ಒಂದೇ ತೂಕಕ್ಕೆ ತೂಗಿ, ಒಂದೇ ಅಳತೆಯ ಬಟ್ಟಿ ನೀರಲ್ಲಿ ಕದಡಿ ವಿದ್ಯುದ್ವಾಹಕತೆ ಅಳೆಯಬೇಕು, ಉಪ್ಪು ಹೆಚ್ಚಿದ್ದಷ್ಟೂ ಅದು ಹೆಚ್ಚು. ಆ ಅಂಕಿ ಇಳಿಯುವುದು ನಿಲ್ಲುವ ತನಕ ಹೊಸ ತಿರುಳು ಹಚ್ಚುತ್ತಲೇ ಇರಬೇಕು.

ಕೊಳವೆಬಾವಿ ನೀರಲ್ಲಿ ನೆನೆಸಿದರೆ ತೆಗೆಯಬೇಕಾದ ಉಪ್ಪನ್ನು ನಾವೇ ತುಂಬಿದಂತೆ. ಏಪ್ರಿಲ್ ಬಿಸಿಲಿಗೆ ಬಿಟ್ಟರೆ ತಿರುಳು ಬೇಗ ಒಣಗಿ, ಕುಗ್ಗಿ, ಕಲ್ಲಿನಿಂದ ಎದ್ದು ನಿಲ್ಲುತ್ತದೆ. ಅಷ್ಟಕ್ಕೇ ಹೀರುವುದೂ ನಿಲ್ಲುತ್ತದೆ. ಅದಕ್ಕೆ ಮೇಲೊಂದು ನೆರಳುಬಲೆ ಕಟ್ಟುತ್ತಾರೆ.