ಗೋವಾನಸ್ ಕಾಲುವೆ: ಮೊದಲು ನೀರು, ಆಮೇಲೆ ದಡ

ಹಳೆಯ ಕಾಲುವೆಯ ಪುನರುಜ್ಜೀವನ ಎಂದೊಡನೆ ಹೆಚ್ಚಿನವರ ಉತ್ತರ ದಡದಿಂದಲೇ ಶುರುವಾಗುತ್ತದೆ: ಕಲ್ಲುಹಾಸು, ಬೆಂಚು, ದೀಪದ ಸಾಲು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿರುವ ಗೋವಾನಸ್ ಕಾಲುವೆಯನ್ನು ಓದಿಕೊಂಡರೆ ಈ ಕ್ರಮ ತಲೆಕೆಳಗೆಂದು ತಿಳಿಯುತ್ತದೆ.

19ನೇ ಶತಮಾನದ ಮಧ್ಯಭಾಗದಲ್ಲಿ ಜೌಗುನೆಲದ ತೊರೆಯೊಂದನ್ನು ಅಗೆದು ಸರಕು ದೋಣಿಗಳಿಗೆಂದು ಮಾಡಿದ ಕಾಲುವೆ ಇದು. ಉದ್ದ ಸುಮಾರು 2.9 ಕಿ.ಮೀ. ಒಂದು ತುದಿ ಕೊಲ್ಲಿಗೆ ತೆರೆದಿದೆ, ಇನ್ನೊಂದು ಮುಚ್ಚಿದೆ. ಹೀಗಾಗಿ ಒಳತುದಿಯ ನೀರು ತಾನಾಗಿ ಹರಿಯುವುದಿಲ್ಲ. ದಡದಲ್ಲಿದ್ದ ಅನಿಲ ತಯಾರಿಕಾ ಘಟಕಗಳ ಕಲ್ಲಿದ್ದಲು ಡಾಂಬರು ತಳದಲ್ಲೇ ಉಳಿಯಿತು. ಮಳೆನೀರಿಗೂ ಶೌಚನೀರಿಗೂ ಒಂದೇ ಕೊಳವೆ ಇರುವುದರಿಂದ, ಜೋರು ಮಳೆ ಬಂದಾಗಲೆಲ್ಲ ತುಂಬಿದ ಚರಂಡಿ ಕಾಲುವೆಗೇ ಉಕ್ಕುತ್ತದೆ.

1911ರಲ್ಲಿ ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ಮುಚ್ಚಿದ ತುದಿಯಿಂದ ಬಟರ್‌ಮಿಲ್ಕ್ ಚಾನೆಲ್ ಎಂಬ ಜಲಸಂಧಿಯವರೆಗೆ ಸುರಂಗ ಕೊರೆದು, ಹಡಗಿನದ್ದರಂಥ ಪ್ರೊಪೆಲರ್ ತಿರುಗಿಸಿ ನಿಂತ ನೀರನ್ನು ಚಲಿಸುವಂತೆ ಮಾಡಿದರು. 1960ರ ದಶಕದಲ್ಲಿ ಅದು ಕೆಟ್ಟು ನಿಂತಿತು. ಮತ್ತೆ ಚಾಲನೆ ಸಿಕ್ಕಿದ್ದು 1999ರಲ್ಲಿ. ಅಷ್ಟೂ ವರ್ಷ ಕಾಲುವೆ ಕೊಳೆಯುತ್ತಲೇ ಇತ್ತು. ನಿರ್ವಹಣೆಯೂ ವಿನ್ಯಾಸದ ಭಾಗ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

2010ರಲ್ಲಿ ಕಾಲುವೆಯು ಅಮೆರಿಕದ ಸೂಪರ್‌ಫಂಡ್ ಪಟ್ಟಿಗೆ, ಅಂದರೆ ಅತಿ ಕಲುಷಿತ ಸ್ಥಳಗಳ ಪಟ್ಟಿಗೆ ಸೇರಿತು. 2020ರಲ್ಲಿ ಹೂಳೆತ್ತುವ ಕೆಲಸ ಆರಂಭವಾಯಿತು. ಇದರ ಜೊತೆಗೆ ಉಕ್ಕುವ ಚರಂಡಿ ನೀರನ್ನು ಹಿಡಿದಿಡಲು ಸುಮಾರು 3 ಕೋಟಿ ಮತ್ತು 1.5 ಕೋಟಿ ಲೀಟರಿನ ಎರಡು ನೆಲದಡಿ ತೊಟ್ಟಿಗಳೂ ಯೋಜನೆಯಲ್ಲಿವೆ. ತೊಟ್ಟಿ ಇಲ್ಲದೆ ಹೂಳೆತ್ತಿದರೆ ಮುಂದಿನ ಮಳೆಗಳು ಮತ್ತೆ ಹೂಳು ತಂದು ಸುರಿಯುತ್ತವೆ.

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದಲ್ಲೂ ಕಾಲುವೆಗೆ ಮರುಜೀವ ಬಂದಿದೆ, ಆದರೆ ಅದರ ಕಥೆ ಇದಕ್ಕಿಂತ ಭಿನ್ನ. ಅಲ್ಲಿ 1970ರ ದಶಕದಲ್ಲಿ ಕೋಟೆ ಸುತ್ತಿನ ಕಾಲುವೆಯ ಒಂದು ಭಾಗವನ್ನು ಬರಿದು ಮಾಡಿ ಹೆದ್ದಾರಿ ಮಾಡಿದ್ದರು. 2020ರಲ್ಲಿ ಅಲ್ಲಿಗೆ ನೀರು ಮರಳಿತು. ಸುತ್ತಿನ ಉಳಿದ ಭಾಗದಲ್ಲಿ ನೀರು ಇದ್ದೇ ಇತ್ತು, ಕಡಿದ ಕೊಂಡಿಯನ್ನು ಬೆಸೆಯಬೇಕಿತ್ತು. ಎರಡನ್ನೂ ಒಂದೇ ಮಾದರಿ ಎನ್ನುವಂತಿಲ್ಲ.

ಇನ್ನು ಹೊಂದಿಕೊಳ್ಳುವ ವಿನ್ಯಾಸ, ಅಂದರೆ ಮಳೆ, ನೆರೆಗಳಿಗೆ ಒಗ್ಗಿಕೊಳ್ಳುವಂಥ ವಿನ್ಯಾಸ. ಗೋವಾನಸ್‌ನ ಎರಡನೇ ಬೀದಿ ಕಾಲುವೆಯಲ್ಲಿ ಕೊನೆಗೊಳ್ಳುವ ಕಡೆ 2016ರಲ್ಲಿ ಪುಟ್ಟ 'ಸ್ಪಾಂಜ್ ಪಾರ್ಕ್' ತೆರೆಯಿತು. ಬೀದಿಯ ಎಣ್ಣೆ, ದೂಳು ಹೊತ್ತು ಇಳಿಜಾರಿಗೆ ಬರುವ ಮಳೆನೀರು ನೇರವಾಗಿ ಕಾಲುವೆಗೆ ಬೀಳದೆ ಗಿಡದ ಮಡಿಗಳಲ್ಲಿ ಇಂಗುತ್ತದೆ. ಗಿಡಗಳೂ ಉಪ್ಪುನೀರು ತಾಳುವಂಥವು; 2012ರ ಸ್ಯಾಂಡಿ ಚಂಡಮಾರುತದಲ್ಲಿ ಈ ಪ್ರದೇಶಕ್ಕೆ ಸಮುದ್ರದ ನೀರು ನುಗ್ಗಿತ್ತು. ತೊಟ್ಟಿಗಳ ಮುಂದೆ ಈ ಪಾರ್ಕಿನ ಸಾಮರ್ಥ್ಯ ಅತ್ಯಲ್ಪ, ನಿಜ. ಆದರೆ ಕಾಲುವೆಯಲ್ಲಿ ಕೊನೆಗೊಳ್ಳುವ ಬೀದಿಗಳು ಹಲವಿವೆ; ಇದೇ ಕೆಲಸವನ್ನು ಒಂದೊಂದಾಗಿ, ಹಣ ಬಂದಂತೆ, ಅವುಗಳಲ್ಲೂ ಮಾಡಬಹುದು.