ಕಪಾಟಿನಲ್ಲಿ ಕೂತೇ ಕೆಡುವ ರೇಡಿಯೋ

ಬಳಸಿದರೆ ತಾನೇ ಸವೆಯುವುದು, ಸುಮ್ನೆ ಇಟ್ಟ ಯಂತ್ರಕ್ಕೆ ಏನಾಗುತ್ತದೆ ಎಂದು ಕೇಳುವವರು ಜಾಸ್ತಿ. ಅಂಥವರು ಒಮ್ಮೆ ಸೇನೆಯ ಮೀಸಲು ಪಡೆಯಲ್ಲಿ ರೇಡಿಯೋ ರಿಪೇರಿ ಮಾಡುವ ಟೆಕ್ನೀಷಿಯನ್ ಎದುರು ಕೂರಬೇಕು. ಅವರ ಮೇಜಿಗೆ ಬರುವ ಸೆಟ್ಟುಗಳು ಯುದ್ಧ ಕಂಡವಲ್ಲ. ಕೆಲವು ಕವಾಯತಿನಲ್ಲಿ ಬಿದ್ದು, ನೆನೆದು ಬಂದಿರುತ್ತವೆ, ನಿಜ. ಆದರೆ ಕಪಾಟಿನಿಂದ ಅಲುಗಾಡದೆಯೇ ಕೆಟ್ಟವೂ ಇರುತ್ತವೆ. ನನಗೆ ಕುತೂಹಲ ಇರುವುದು ಇವುಗಳ ಬಗ್ಗೆ.

ಮೀಸಲು ಪಡೆಯ ಲೆಕ್ಕವೇ ಬೇರೆ. ಅಮೆರಿಕದ ನ್ಯಾಷನಲ್ ಗಾರ್ಡ್‌ನಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಒಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ತರಬೇತಿ. ಉಳಿದ ದಿನ ಸೈನಿಕರು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ, ಉಪಕರಣಗಳು ಬೀಗದೊಳಗೆ ಇರುತ್ತವೆ. ಆಮೇಲೆ ಒಂದು ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಆನ್ ಮಾಡುತ್ತಾರೆ. ಕೆಲವು ಮಾತಾಡುವುದಿಲ್ಲ. 'ಹೋದ ಸಲ ಚೆನ್ನಾಗೇ ಇತ್ತಲ್ಲ' ಎಂಬ ಮಾತು ಆಗ ಬಂದೇ ಬರುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯವರು ಇಂಥದ್ದಕ್ಕೆಲ್ಲ ಗ್ರೆಮ್ಲಿನ್ ಎಂಬ ಕುಳ್ಳ ಭೂತವನ್ನು ಹೊಣೆ ಮಾಡುತ್ತಿದ್ದರು. ಅದರಲ್ಲಿ ತಮಾಷೆ ಇತ್ತು ಬಿಡಿ. ಆದರೆ ಇವತ್ತಿಗೂ 'ಈ ಸೆಟ್ಟಿಗೆ ಮೂಡ್ ಇಲ್ಲ', 'ಇದರ ಹಣೆಬರಹವೇ ಇಷ್ಟು' ಎಂದು ಗಂಭೀರವಾಗಿ ಹೇಳುವವರಿದ್ದಾರೆ. ಅದು ನನಗೆ ಕಿರಿಕಿರಿ. ಕಾರಣ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿದ್ದರೆ ಕಾರಣವೇ ಇಲ್ಲ ಎಂದಾಗುವುದಿಲ್ಲ, ಅಲ್ವಾ?

ನನಗೆ ತುಂಬ ಇಷ್ಟವಾದ ಕಾರಣ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಳಗಿದೆ. ಹಳೆಯ ಪವರ್ ಸಪ್ಲೈ ಬಿಚ್ಚಿದರೆ ಕಾಣುವ, ವಿದ್ಯುತ್ ಚಾರ್ಜ್ ಹಿಡಿದಿಡುವ ಡಬ್ಬಿಯಂಥ ಭಾಗ ಅದು. ಒಳಗೆ ಸುರುಳಿ ಸುತ್ತಿದ ಎರಡು ಅಲ್ಯೂಮಿನಿಯಂ ಹಾಳೆ, ನಡುವೆ ದ್ರವದಲ್ಲಿ ನೆನೆದ ಕಾಗದ. ಎರಡು ಹಾಳೆಗಳ ನಡುವೆ ವಿದ್ಯುತ್ತನ್ನು ತಡೆಯುವುದು ಕಾಗದ ಎಂದು ಹಲವರು ತಿಳಿದಿದ್ದಾರೆ. ತಡೆಯುವುದು ನಿಜವಾಗಿ ಒಂದು ಹಾಳೆಯ ಮೇಲೆ ಬೆಳೆಸಿದ ಅಲ್ಯೂಮಿನಿಯಂ ಆಕ್ಸೈಡಿನ ಪದರ. ಕಾರ್ಖಾನೆಯಲ್ಲಿ ಹಾಳೆಯನ್ನು ದ್ರಾವಣದಲ್ಲಿ ಮುಳುಗಿಸಿ ವೋಲ್ಟೇಜ್ ಕೊಟ್ಟು ಇದನ್ನು ಬೆಳೆಸುತ್ತಾರೆ. ಪ್ರತಿ ವೋಲ್ಟಿಗೆ ಪದರ ಸುಮಾರು 1.4 ನ್ಯಾನೋಮೀಟರ್ ದಪ್ಪವಾಗುತ್ತದೆ. 400 ವೋಲ್ಟ್ ತಡೆಯಬೇಕಾದ ಪದರ ಕೂಡ ಒಂದು ಮೈಕ್ರೋಮೀಟರ್ ದಾಟುವುದಿಲ್ಲ. ಅಷ್ಟು ತೆಳುವಾದ್ದರಿಂದಲೇ ಇಷ್ಟು ಚಿಕ್ಕ ಡಬ್ಬಿಯಲ್ಲಿ ಅಷ್ಟೊಂದು ಚಾರ್ಜ್ ಹಿಡಿಸುವುದು.

ಈ ಪದರ ಒಮ್ಮೆ ಮಾಡಿದರೆ ಮುಗಿಯಿತು ಎನ್ನುವಂಥದ್ದಲ್ಲ. ಪಕ್ಕದಲ್ಲಿರುವ ದ್ರವ ಅದನ್ನು ನಿಧಾನವಾಗಿ ಹಾಳು ಮಾಡುತ್ತಲೇ ಇರುತ್ತದೆ. ಕೆಪಾಸಿಟರ್ ಕೆಲಸದಲ್ಲಿದ್ದಾಗ ಅದರ ಮೂಲಕ ಚೂರೇ ಚೂರು ವಿದ್ಯುತ್ ಸೋರುತ್ತದೆ. ಪದರ ಎಲ್ಲಿ ತೆಳುವಾಗಿದೆಯೋ ಅಲ್ಲೇ ಹೆಚ್ಚು ಸೋರುತ್ತದೆ. ಆ ಸೋರಿಕೆಯೇ ದ್ರವದೊಳಗಿನ ಆಮ್ಲಜನಕವನ್ನು ಅಲ್ಯೂಮಿನಿಯಮ್ಮಿಗೆ ಕೂಡಿಸಿ ಅದೇ ಜಾಗದಲ್ಲಿ ಹೊಸ ಆಕ್ಸೈಡ್ ಕಟ್ಟುತ್ತದೆ. ಹೊಲದ ಬದು ಒಡೆದ ಕಡೆ ನುಗ್ಗಿದ ನೀರು ತಾನೇ ಮಣ್ಣು ಹೊತ್ತು ತಂದು ಬದು ಮುಚ್ಚಿದ ಹಾಗೆ! ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ.

ಹಾಗಾದರೆ ವಿದ್ಯುತ್ತೇ ಇಲ್ಲದ ಕಪಾಟಿನಲ್ಲಿ? ಹಾಳಾಗುವುದು ನಡೆದೇ ಇರುತ್ತದೆ, ರಿಪೇರಿ ಮಾತ್ರ ನಿಂತುಹೋಗಿರುತ್ತದೆ. ಹೀಗೆ ವರ್ಷಗಟ್ಟಲೆ ಮಲಗಿದ ಹಳೆಯ ಸೆಟ್ಟಿಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಸೋರಿಕೆ ಜೋರಾಗುತ್ತದೆ. ಒಳಗೆ ಬಿಸಿಯೇರುತ್ತದೆ, ಹೈಡ್ರೋಜನ್ ಅನಿಲ ಹುಟ್ಟುತ್ತದೆ, ಡಬ್ಬಿ ಉಬ್ಬುತ್ತದೆ. ಒಮ್ಮೊಮ್ಮೆ ಒಡೆಯುತ್ತದೆ. ಗೊತ್ತಿರುವ ಟೆಕ್ನೀಷಿಯನ್ ಹಾಗೆ ಮಾಡುವುದಿಲ್ಲ. ವಿದ್ಯುತ್ ಒಮ್ಮೆಲೇ ನುಗ್ಗದಂತೆ ನಡುವೆ ಒಂದು ರೆಸಿಸ್ಟರ್ ಹಾಕಿ, ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಾ, ಸೋರಿಕೆ ಇಳಿಯುವುದನ್ನು ಮೀಟರಿನಲ್ಲಿ ನೋಡುತ್ತಾ ಕಾಯುತ್ತಾರೆ. ಪದರ ಮತ್ತೆ ಬೆಳೆಯುತ್ತದೆ. ಇದಕ್ಕೆ ರಿಫಾರ್ಮಿಂಗ್ ಎನ್ನುತ್ತಾರೆ. ಅಮೆರಿಕದ ರಕ್ಷಣಾ ಇಲಾಖೆ ಈ ಒಂದು ಕೆಲಸಕ್ಕೆಂದೇ ಎಂಐಎಲ್-ಎಚ್‌ಡಿಬಿಕೆ-1131 ಎಂಬ ಕೈಪಿಡಿ ಹೊರಡಿಸಿದೆ. ಈಗಿನ ಕೆಪಾಸಿಟರ್‌ಗಳು ಎಷ್ಟೋ ಮೇಲು. ಆದರೆ ಮೀಸಲು ಪಡೆಗಳ ಉಗ್ರಾಣದಲ್ಲಿ ಈಗಿನ ಸಾಮಾನೇ ಇರುತ್ತದೆ ಎಂದು ಯಾರು ಹೇಳಿದರು?

ಹಾಗಿದ್ದರೆ ಎಲ್ಲವನ್ನೂ ಸದಾ ಆನ್ ಇಟ್ಟರಾಯಿತಲ್ಲ ಎನ್ನಬಹುದು. ಒಂದು ಕಾಲದಲ್ಲಿ ಅದನ್ನೂ ಮಾಡಿದ್ದಾರೆ. 1946ರಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರನ್ನು ಕಟ್ಟಿಸಿದ್ದು ಅಮೆರಿಕದ ಸೇನೆಯೇ, ಫಿರಂಗಿ ಗುಂಡಿನ ಪಥ ಲೆಕ್ಕ ಹಾಕುವುದಕ್ಕೆ. ಅದರಲ್ಲಿ ಈಗಿನ ಚಿಪ್‌ಗಳ ಕೆಲಸ ಮಾಡುವ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು (ಗಾಳಿ ತೆಗೆದ ಗಾಜಿನ ಬುರುಡೆಗಳು). ಅವು ಹೆಚ್ಚಾಗಿ ಸುಟ್ಟುಹೋಗುತ್ತಿದ್ದದ್ದು ಯಂತ್ರ ಬಿಸಿಯಾಗುವಾಗ ಮತ್ತು ತಣ್ಣಗಾಗುವಾಗ. ಅದಕ್ಕೇ ಎಂಜಿನಿಯರುಗಳು ಅದನ್ನು ಆಫ್ ಮಾಡುವುದನ್ನೇ ಆದಷ್ಟು ಬಿಟ್ಟರು. ಕೊಳವೆಗಳ ಕಾಲ ಮುಗಿಯಿತು, ಆದರೆ ಬಿಸಿ-ತಂಪಿನ ಪೆಟ್ಟು ಹೋಗಲಿಲ್ಲ. ಬೋರ್ಡು ಹಿಗ್ಗುವ ಪ್ರಮಾಣ ಬೇರೆ, ಅದರ ಮೇಲಿನ ಚಿಪ್ ಹಿಗ್ಗುವುದು ಬೇರೆ. ಮಧ್ಯೆ ಸಿಕ್ಕಿದ ಬೆಸುಗೆ ಪ್ರತಿ ಸಲವೂ ಸ್ವಲ್ಪ ದಣಿಯುತ್ತದೆ. ಮೀಸಲು ಪಡೆಯ ಸೆಟ್ಟಿಗೆ ಎರಡೂ ಕಷ್ಟ. ತಿಂಗಳುಗಟ್ಟಲೆ ನಿದ್ದೆ, ಆಮೇಲೆ ದಿಢೀರ್ ಕೆಲಸ.

ಕನೆಕ್ಟರುಗಳ ಕತೆ ಸರಳ. ಲೋಹದ ಮೇಲೆ ಆಕ್ಸೈಡ್ ಕೂರುತ್ತದೆ, ಸಣ್ಣ ಸಿಗ್ನಲ್ ಅದನ್ನು ದಾಟುವುದಿಲ್ಲ. ಬೋರ್ಡನ್ನು ಎಳೆದು ಮತ್ತೆ ಸಿಕ್ಕಿಸಿದರೆ ಉಜ್ಜಿಕೊಂಡು ಸ್ವಚ್ಛವಾಗುತ್ತದೆ. ಸೆಟ್ಟಿಗೆ ಒಂದು ಏಟು ಕೊಟ್ಟರೆ ಸರಿಹೋಗುವುದರಲ್ಲೂ ಎಷ್ಟೋ ಸಲ ಗುಟ್ಟು ಇಷ್ಟೇ.

ತವರದ ಮೀಸೆ ಹಾಗಲ್ಲ, ಅದು ಕೆಟ್ಟ ಪಿಡುಗು. ಶುದ್ಧ ತವರದ ಲೇಪನದಿಂದ ಕೂದಲಿಗಿಂತ ಎಷ್ಟೋ ತೆಳುವಾದ ಲೋಹದ ಎಳೆಗಳು ತಾವಾಗಿಯೇ ಹೊರಡುತ್ತವೆ. ಕೆಲವು ಹಲವು ಮಿಲಿಮೀಟರ್ ಉದ್ದವಾಗುತ್ತವೆ. ವಿದ್ಯುತ್ ಬೇಡ, ಬಳಕೆ ಬೇಡ. 1940ರ ದಶಕದಲ್ಲಿ ಕ್ಯಾಡ್ಮಿಯಂ ಲೇಪನದಲ್ಲಿ ಇಂಥವು ಕಂಡವು, ಆಮೇಲೆ ತವರದಲ್ಲೂ. ತವರಕ್ಕೆ ಸ್ವಲ್ಪ ಸೀಸ ಬೆರೆಸಿದರೆ ಈ ಕಾಟ ಬಹಳ ಕಡಿಮೆ ಎಂದು ಬೆಲ್ ಪ್ರಯೋಗಾಲಯದವರು ಕಂಡುಕೊಂಡರು. 1998ರಲ್ಲಿ ಗ್ಯಾಲಕ್ಸಿ 4 ಉಪಗ್ರಹ ಕೈಕೊಟ್ಟು ಅಮೆರಿಕದ ಬಹುಪಾಲು ಪೇಜರ್‌ಗಳು (ಕಿರುಸಂದೇಶ ತಲುಪಿಸುವ ಪುಟ್ಟ ಸಾಧನಗಳು) ಸುಮ್ಮನಾದಾಗ ಬೆರಳು ತೋರಿಸಿದ್ದು ಇದರ ಕಡೆಗೇ. 2006ರ ಜುಲೈಯಿಂದ ಯುರೋಪಿನಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಸೀಸದ ನಿರ್ಬಂಧ ಬಂತು. ಆರೋಗ್ಯಕ್ಕೆ ಅದು ಒಳ್ಳೆಯದೇ. ಸೇನಾ ಉಪಕರಣಕ್ಕೆ ವಿನಾಯಿತಿ ಇದೆ. ಆದರೆ ಬಿಡಿಭಾಗ ಮಾಡುವವರು ದೊಡ್ಡ ಮಾರುಕಟ್ಟೆ ನೋಡಿ ಸೀಸ ಬಿಟ್ಟರು. ಹಾಗಾಗಿ ಸೇನೆಯ ಸೆಟ್ಟಿನೊಳಕ್ಕೂ ಶುದ್ಧ ತವರ ನುಸುಳಬಹುದು.

ಮೀಸೆ ಎರಡು ತಂತಿಗಳಿಗೆ ತಾಗಿ ಶಾರ್ಟ್ ಆದಾಗ ವಿದ್ಯುತ್ ಸಾಕಷ್ಟಿದ್ದರೆ ತಾನೇ ಸುಟ್ಟುಹೋಗುತ್ತದೆ. ಸಾಕ್ಷಿಯೇ ಉಳಿಯುವುದಿಲ್ಲ. ಧೂಳು ಊದಲು ಗಾಳಿ ಬಿಟ್ಟರೂ ಅದು ಮುರಿದು ಇನ್ನೆಲ್ಲೋ ಹೋಗಿ ಬೀಳಬಹುದು. ಅದಕ್ಕೇ ಅನುಮಾನ ಬಂದ ಸೆಟ್ಟನ್ನು ಆನ್ ಮಾಡುವ ಮೊದಲು ಮುಚ್ಚಳ ತೆಗೆದು, ಓರೆಯಾಗಿ ಬೆಳಕು ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಬೆಳಕಿನ ಕೋನ ಬದಲಿಸುತ್ತಾ ಹೋದರೆ ಎಳೆ ಒಂದು ಕ್ಷಣ ಮಿಂಚುತ್ತದೆ. ನೇರ ಬೆಳಕಿನಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ.