ಸಣ್ಣ ಯಂತ್ರ ಉಳಿಸಿದ ಫಿಲಂ

ಕಾಸರಗೋಡಿನ ನಮ್ಮ ಡಾರ್ಕ್‌ರೂಮಿಗೆ ಈಗ ತೊಳೆಸಲು ಫಿಲಂ ರೋಲ್ ತರುವವರಲ್ಲಿ ಹೆಚ್ಚಿನವರು ಕಾಲೇಜಿನ ಹುಡುಗ ಹುಡುಗಿಯರು. ಅಪ್ಪನದೋ ಸೋದರಮಾವನದೋ ಹಳೆ ಕ್ಯಾಮೆರಾವನ್ನು ಕಪಾಟಿನಿಂದ ಹೊರತೆಗೆದು ಬೇಕಲ ಕೋಟೆ, ಕುಂಬಳೆ ಹೊಳೆ, ಊರಿನ ಯಕ್ಷಗಾನ ಆಟ, ಭೂತದ ಕೋಲ ಎಂದು ಫೋಟೋ ತೆಗೆದು ತರುತ್ತಾರೆ. ರೋಲಿನ ಬೆಲೆ ಕೇಳಿ ಅವರ ಮುಖ ಬಾಡುತ್ತದೆ. ಆಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: “ಅಣ್ಣಾ, ಊಟಿಯಲ್ಲಿ ನಮ್ಮದೇ ಫ್ಯಾಕ್ಟರಿ ಇತ್ತಂತಲ್ಲ? ಆ ಫಾರ್ಮುಲಾ ಸಿಕ್ಕಿದರೆ ಪುನಃ ಶುರು ಮಾಡಬಹುದಲ್ಲ?”

ಫಾರ್ಮುಲಾ ಮುಖ್ಯವೇ. ಆದರೆ ಫಿಲಂ ತಯಾರಿಕೆ ನಿಂತುಹೋದ ಹೆಚ್ಚಿನ ಕಡೆಗಳಲ್ಲಿ ಅದನ್ನು ನಿಲ್ಲಿಸಿದ್ದು ಫಾರ್ಮುಲಾದ ಕೊರತೆಯಲ್ಲ, ಯಂತ್ರದ ಗಾತ್ರ. ಇದು ಅರ್ಥವಾಗಬೇಕಾದರೆ ಫಿಲಂ ಹೇಗೆ ಆಗುತ್ತದೆಂದು ಸ್ವಲ್ಪ ನೋಡಬೇಕು.

ಬಿಸಿನೀರಿನಲ್ಲಿ ಕರಗಿಸಿದ ಜೆಲಟಿನ್‌ಗೆ ಸಿಲ್ವರ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಬ್ರೋಮೈಡ್ ದ್ರಾವಣಗಳನ್ನು ಅಳೆದ ವೇಗದಲ್ಲಿ ಬಿಡುತ್ತಾರೆ. ಸಿಲ್ವರ್ ಬ್ರೋಮೈಡಿನ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಮೂಡುತ್ತವೆ. ಉಷ್ಣತೆ, ವೇಗ, ಕಲಕುವ ರೀತಿ ಕೊಂಚ ಬದಲಾದರೂ ಹರಳಿನ ಗಾತ್ರ ಬದಲಾಗುತ್ತದೆ. ಗಾತ್ರ ಬದಲಾದರೆ ಫಿಲಂನ ವೇಗವೂ (ಬೆಳಕಿಗೆ ಅದು ಎಷ್ಟು ಚುರುಕು ಎಂಬುದು) ಗ್ರೇನ್ ಕೂಡ (ಚಿತ್ರದಲ್ಲಿ ಕಾಣುವ ಕಾಳು ಕಾಳು) ಬದಲಾಗುತ್ತವೆ. ಬೇಡದ ಲವಣವನ್ನು ತೊಳೆದು ತೆಗೆದ ಮೇಲೆ ಗಂಧಕ ಮತ್ತು ಚಿನ್ನದ ಲವಣಗಳನ್ನು ತೀರಾ ಚೂರು ಪ್ರಮಾಣದಲ್ಲಿ ಸೇರಿಸಿ ಹರಳುಗಳನ್ನು ಬೆಳಕಿಗೆ ಚುರುಕು ಮಾಡುತ್ತಾರೆ. ಗಂಧಕದ ಕತೆ ಸ್ವಾರಸ್ಯದ್ದು. ಒಂದು ಕಂತಿನ ಜೆಲಟಿನ್‌ನಲ್ಲಿ ಫಿಲಂ ಚುರುಕಾಗಿ ಬರುತ್ತಿತ್ತು, ಇನ್ನೊಂದರಲ್ಲಿ ಮಂದ. ಕಾರಣ ಯಾರಿಗೂ ಹೊಳೆದಿರಲಿಲ್ಲ. ಅದು ಗಂಧಕದ ಸಂಯುಕ್ತಗಳ ಕೆಲಸ ಎಂದು 1925ರ ಹೊತ್ತಿಗೆ ತೋರಿಸಿಕೊಟ್ಟವರು ಕೊಡಾಕ್‌ನ ವಿಜ್ಞಾನಿ ಎಸ್. ಇ. ಶೆಪರ್ಡ್. ದನ ಮೇಯುವ ಸಾಸಿವೆ ಜಾತಿಯ ಗಿಡಗಳಲ್ಲಿ ಇರುವ ಖಾರದ ಎಣ್ಣೆಯ ಅಂಶವೇ ದನದ ಚರ್ಮ, ಎಲುಬುಗಳಿಂದ ತೆಗೆದ ಜೆಲಟಿನ್‌ಗೂ ಬರುತ್ತಿತ್ತು. ದನ ಯಾವ ಹೊಲದಲ್ಲಿ ಮೇಯಿತೆಂಬುದು ಫಿಲಂನ ಗುಣವನ್ನು ತೀರ್ಮಾನಿಸುವ ಕಸುಬಿದು. ಬರೆದಿಟ್ಟ ಫಾರ್ಮುಲಾವೊಂದೇ ಯಾಕೆ ಸಾಲದೆಂದು ಇದರಿಂದಲೇ ತಿಳಿಯುತ್ತದೆ.

ಬರಿಯ ಸಿಲ್ವರ್ ಬ್ರೋಮೈಡ್‌ಗೆ ಕಾಣುವುದು ನೀಲಿ ಬೆಳಕು ಮಾತ್ರ. ಹಸಿರು, ಕೆಂಪು ಕಾಣಿಸಬೇಕಾದರೆ ಬಣ್ಣದ ರಾಸಾಯನಿಕ ಬೆರೆಸಬೇಕು. 1873ರಲ್ಲಿ ಜರ್ಮನಿಯ ಫೋಗೆಲ್ ಕಂಡುಕೊಂಡ ಸಂಗತಿ ಇದು. ಕೊನೆಗೆ ಇಡೀ ಪಾಕವನ್ನು ಓಡುತ್ತಿರುವ ತೆಳು ಹಾಳೆಯ ಮೇಲೆ ಒಂದೇ ದಪ್ಪದಲ್ಲಿ ಹರಿಸಬೇಕು, ಹರಿಸಿದ ಕೂಡಲೇ ತಣ್ಣನೆಯ ಗಾಳಿಯಲ್ಲಿ ಹೆಪ್ಪುಗಟ್ಟಿಸಬೇಕು. ತಟ್ಟೆಗೆ ಹೊಯ್ದ ಹಾಲುಬಾಯಿ ತಣಿದು ಕೂರುವ ಹಾಗೆ. ಆಮೇಲೆ ಧೂಳಿಲ್ಲದ ಗಾಳಿಯಲ್ಲಿ ಒಣಗಿಸುವುದು. ಇದಿಷ್ಟೂ ಕಗ್ಗತ್ತಲಲ್ಲಿ.

ಇನ್ನು ಲೆಕ್ಕ. 36 ಫೋಟೋಗಳ ಒಂದು ರೋಲಿಗೆ 35 ಮಿಲಿಮೀಟರ್ ಅಗಲದ, ಸುಮಾರು 1.6 ಮೀಟರ್ ಉದ್ದದ ಪಟ್ಟಿ ಸಾಕು. ಒಂದು ಚದರ ಮೀಟರ್ ಹಾಳೆಯಿಂದ ಹದಿನೇಳು ರೋಲ್ ಬರುತ್ತದೆ. ದೊಡ್ಡ ಕಾರ್ಖಾನೆಗಳ ಲೇಪನ ಯಂತ್ರಕ್ಕೆ ಹಾಕುವ ಹಾಳೆ ಒಂದು ಮೀಟರಿಗಿಂತ ಅಗಲ, ಉದ್ದ ಕಿಲೋಮೀಟರ್ ಲೆಕ್ಕದಲ್ಲಿ. 1.3 ಮೀಟರ್ ಅಗಲದ ಹಾಳೆ ಬರೇ ಒಂದು ಕಿಲೋಮೀಟರ್ ಓಡಿತೆಂದುಕೊಳ್ಳಿ: 20,000ಕ್ಕೂ ಹೆಚ್ಚು ರೋಲ್. ಯಂತ್ರ ಒಂದು ಹದಕ್ಕೆ ಬರುವುದರೊಳಗೇ ಎಷ್ಟೋ ಹಾಳೆ ಹಾಳಾಗಿರುತ್ತದೆ. ಜಗತ್ತೆಲ್ಲ ಫಿಲಂ ಕೊಳ್ಳುತ್ತಿದ್ದ ಕಾಲಕ್ಕೆ ಕಟ್ಟಿದ ಯಂತ್ರವನ್ನು ಸಣ್ಣಗೆ ಓಡಿಸಲಿಕ್ಕಾಗುವುದಿಲ್ಲ. ಪೂರ್ತಿ ಓಡಬೇಕು, ಇಲ್ಲವೇ ನಿಲ್ಲಬೇಕು.

ಇಟಲಿಯ ಫೆರಾನಿಯಾ ಉಳಿದುಕೊಂಡದ್ದು ಅಲ್ಲಿ ಒಂದು ಸಣ್ಣ ಯಂತ್ರವೂ ಇದ್ದ ಕಾರಣಕ್ಕೆ. ಲಿಗೂರಿಯಾದ ಬೆಟ್ಟದ ಊರೊಂದರಲ್ಲಿ ಕಳೆದ ಶತಮಾನದ ಮೊದಲ ದಶಕಗಳಿಂದ ಫಿಲಂ ಮಾಡುತ್ತಿದ್ದ ಕಾರ್ಖಾನೆ. 1964ರಲ್ಲಿ ಅಮೆರಿಕದ 3ಎಂ ಕಂಪೆನಿಯ ಕೈಗೆ ಹೋಗಿ, ಡಿಜಿಟಲ್ ಬಂದ ಮೇಲೆ ಮುಚ್ಚಿತು. 2013ರಲ್ಲಿ ನಿಕೋಲಾ ಬಲ್ದೀನಿ ಮತ್ತು ಮಾರ್ಕೋ ಪಾನ್ಯಿ ‘ಫಿಲಂ ಫೆರಾನಿಯಾ’ ಎಂಬ ಪುಟ್ಟ ಕಂಪೆನಿ ಕಟ್ಟಿದರು. ಅವರು ಕೈಯಿಟ್ಟದ್ದು ದೊಡ್ಡ ಘಟಕಕ್ಕಲ್ಲ, ಅದರ ಸಂಶೋಧನಾ ಪ್ರಯೋಗಾಲಯಕ್ಕೆ. ಹೊಸ ಫಿಲಂಗಳನ್ನು ಪರೀಕ್ಷಿಸಲೆಂದು ಅಲ್ಲಿ ಒಂದು ಸಣ್ಣ, ಆದರೆ ನಿಖರವಾದ ಲೇಪನ ಯಂತ್ರ ಇತ್ತು. ಅಂದು ಪರೀಕ್ಷೆಗೆ ಸಾಲುತ್ತಿದ್ದ ಯಂತ್ರ ಇಂದಿನ ಮಾರುಕಟ್ಟೆಗೆ ಸರಿಯಾದ ಅಳತೆ! ಅದನ್ನು ನಡೆಸಿ ಗೊತ್ತಿದ್ದ ಹಳೆಯ ಕೆಲಸಗಾರರನ್ನೂ ಕರೆಸಿಕೊಂಡರು. 2014ರಲ್ಲಿ ಜನರಿಂದ ಮೂರು ಲಕ್ಷ ಡಾಲರಿಗಿಂತ ಹೆಚ್ಚು ಹಣ ಸಂಗ್ರಹವಾಯಿತು.

ಹಣ ಬಂದರೂ ದಾರಿ ಸುಲಭವಾಗಲಿಲ್ಲ. ಕಟ್ಟಡದಲ್ಲಿ ಆಸ್ಬೆಸ್ಟಾಸ್ ಸಿಕ್ಕಿ ಅದನ್ನು ತೆಗೆಸುವ ಕೆಲಸ ಮೇಲೆ ಬಿತ್ತು. ಬಣ್ಣದ ಸ್ಲೈಡ್ ಫಿಲಂ ಕೊಡುತ್ತೇವೆಂದು ಹೊರಟವರು 2017ರಲ್ಲಿ ಮೊದಲು ಹೊರತಂದದ್ದು ಪಿ30 ಎಂಬ ಕಪ್ಪು ಬಿಳುಪಿನ ಫಿಲಂ. ಹಣ ಕೊಟ್ಟವರಿಗೆ ಬೇಸರವಾದದ್ದು ಸಹಜವೇ. ಆದರೂ ಅದು ಸರಿಯಾದ ನಿರ್ಧಾರ ಎಂದೇ ನಾನು ಹೇಳುತ್ತೇನೆ. ಬಣ್ಣದ ಫಿಲಂ ಎಂದರೆ ಒಂದರ ಮೇಲೊಂದು ಹತ್ತಾರು ಪದರ, ಹಿಂದೆ ಹತ್ತಾರು ವಿಶೇಷ ರಾಸಾಯನಿಕ. ಕಪ್ಪು ಬಿಳುಪಿಗೆ ಒಂದೆರಡು ಪದರ ಸಾಕು. ರಾಸಾಯನಿಕವೇ ಸಿಗದಿದ್ದರೆ ಏನಾಗುತ್ತದೆಂದು ಪೋಲರಾಯ್ಡ್ ಉದಾಹರಣೆ ಇದೆ. 2008ರಲ್ಲಿ ಆ ಕಂಪೆನಿ ತಕ್ಷಣ ಮೂಡುವ ಫಿಲಂ ನಿಲ್ಲಿಸಿದಾಗ ನೆದರ್ಲೆಂಡ್ಸಿನ ಎನ್‌ಸ್ಕೆಡೆಯಲ್ಲಿದ್ದ ಯಂತ್ರಗಳನ್ನು ಇಂಪಾಸಿಬಲ್ ಎಂಬ ತಂಡ ಕೊಂಡಿತು. ಯಂತ್ರವೆಲ್ಲ ಇತ್ತು, ಬೇಕಾದ ಕಚ್ಚಾ ಸಾಮಗ್ರಿ ಮಾರುಕಟ್ಟೆಯಿಂದ ಮಾಯವಾಗಿತ್ತು. ಫಿಲಂ ಅನ್ನು ಹೊಸದಾಗಿಯೇ ರೂಪಿಸಬೇಕಾಯಿತು; 2010ರಲ್ಲಿ ಬಂದ ಮೊದಲ ಫಿಲಂಗಳು ಬಿಸಿಲು ಕಂಡರೆ ಕೆಡುತ್ತಿದ್ದವು.

ಊಟಿಗೆ ಬರೋಣ. ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ, ಫ್ರಾನ್ಸಿನ ಬೋಶೆ ಕಂಪೆನಿಯ ನೆರವಿನಿಂದ 1967ರಲ್ಲಿ ತಯಾರಿಕೆ ಶುರುಮಾಡಿತು. ತಂಪು ಹವೆ, ಶುದ್ಧ ಗಾಳಿ, ಒಳ್ಳೆಯ ನೀರು: ಫಿಲಂಗೆ ಬೇಕಾದ ಮೂರೂ ನೀಲಗಿರಿಯಲ್ಲಿದ್ದವು. ‘ಇಂದು’ ಹೆಸರಿನ ರೋಲು, ಬ್ರೋಮೈಡ್ ಪೇಪರು ನಮ್ಮ ಕಡೆಯ ಸ್ಟುಡಿಯೋಗಳ ಹಿರಿಯರಿಗೆಲ್ಲ ಪರಿಚಿತ. ಕಾರ್ಖಾನೆಯಿದ್ದ ಜಾಗದ ಹೆಸರು ಇಂದಿಗೂ ಇಂದುನಗರ. 1990ರ ದಶಕದಲ್ಲಿ ಸಾಲ ಏರಿ ಅದು ರೋಗಗ್ರಸ್ತ ಉದ್ದಿಮೆಗಳ ಪಟ್ಟಿ ಸೇರಿತು, ಕೊನೆಗೆ ಮುಚ್ಚಿತು. ದೇಶದ ಸಿನಿಮಾಕ್ಕೂ ಎಕ್ಸ್‌ರೇಗೂ ಫಿಲಂ ಒದಗಿಸಲೆಂದು ಕಟ್ಟಿದ ಕಾರ್ಖಾನೆಯದು. ಅದನ್ನು ಹಾಗೆಯೇ ಪುನಃ ತಿರುಗಿಸಿದರೆ ಅಷ್ಟು ಫಿಲಂ ಕೊಳ್ಳುವವರು ಇಂದು ಎಲ್ಲಿದ್ದಾರೆ? ಅಂಥ ಕಡೆ ಉಳಿಸಬೇಕಾದದ್ದು ಪ್ರಯೋಗಾಲಯವನ್ನು, ಕೆಲಸ ಬಲ್ಲವರ ಅನುಭವವನ್ನು. ಅಲ್ಲಿ ದುಡಿದವರು ನೀಲಗಿರಿಯಲ್ಲಿ ಈಗಲೂ ಇದ್ದಾರೆ. ಅವರು ಇರುವಾಗಲೇ ಯಾರಾದರೂ ಕೂತು ಕೇಳಿ ಬರೆದಿಡಬೇಕೆಂಬುದು ನನ್ನ ದೊಡ್ಡ ಆಸೆ.

ಸಣ್ಣ ಕಾರ್ಖಾನೆಯ ಫಿಲಂ ಕೈಗೆ ಬಂದರೆ ಅದರ ಸ್ವಭಾವ ನೋಡಿ ಬಳಸಬೇಕು. ದೊಡ್ಡ ಕಂಪೆನಿಗಳು ದಶಕಗಳ ಕಾಲ ತಿದ್ದಿ ತಿದ್ದಿ, ಬೆಳಕು ಹೆಚ್ಚು ಕಡಿಮೆ ಆದರೂ ತಡೆದುಕೊಳ್ಳುವ ಹಾಗೆ ಮಾಡಿದ ಫಿಲಂನಂತೆ ಇದು ಇರುವುದಿಲ್ಲ. ಪಿ30ರ ವೇಗ (ಐಎಸ್‌ಒ) 80, ಕಾಂಟ್ರಾಸ್ಟ್ ಜೋರು. ನಡು ಮಧ್ಯಾಹ್ನದ ಬಿಸಿಲಲ್ಲಿ ಬೇಕಲದ ಕಲ್ಲಿನ ಗೋಡೆ ತೆಗೆದರೆ ನೆರಳೆಲ್ಲ ಮಸಿ. ನಾನು ಕ್ಯಾಮೆರಾವನ್ನು 50ಕ್ಕೆ ಇಟ್ಟು ತೆಗೆಯಲು ಹೇಳುತ್ತೇನೆ, ಡೆವಲಪಿಂಗ್ ಸಮಯ ಸ್ವಲ್ಪ ಕಡಿಮೆ ಮಾಡುತ್ತೇನೆ.

ಫೆರಾನಿಯಾದ ಇನ್ನೊಂದು ಫಿಲಂ ಆರ್ಥೋ, ವೇಗ 50. ಅದಕ್ಕೆ ಕೆಂಪು ಕಾಣುವುದಿಲ್ಲ. ಯಕ್ಷಗಾನ, ತೆಯ್ಯಂ ತೆಗೆಯುವವರು ಇದನ್ನು ಮೊದಲೇ ತಿಳಿದಿರಬೇಕು. ತೆಯ್ಯಂನ ಕೆಂಪು ಮುಖ ಪ್ರಿಂಟಿನಲ್ಲಿ ಕಪ್ಪಾಗುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ಕೆಂಪೆಲ್ಲ ಕಪ್ಪಾಗಿ, ಮುಖದ ಮೇಲೆ ಮುಳ್ಳಿನಂತೆ ಇಡುವ ಬಿಳಿಯ ಚಿಟ್ಟಿ ಮಾತ್ರ ಎದ್ದು ನಿಲ್ಲುತ್ತದೆ. ಬೇಕೆಂದೇ ಮಾಡಿದರೆ ಅದು ಬಹಳ ಗಟ್ಟಿ ಚಿತ್ರ. ಆದರೆ ಸೂಟೆಯ (ಪಂಜಿನ) ಬೆಂಕಿಯಲ್ಲಿ ನೀಲಿ ತೀರಾ ಕಡಿಮೆ, ಇರುವುದೆಲ್ಲ ಕೆಂಪು ಹಳದಿ. ಆ ಬೆಳಕನ್ನೇ ನಂಬಿ ಆರ್ಥೋ ಹಾಕಿದರೆ ರೋಲ್ ಖಾಲಿ ಬಂದಂತೆಯೇ. ಈಗ ರಂಗಸ್ಥಳಕ್ಕೆ ಹಾಕುವ ಬಿಳಿ ಎಲ್‌ಇಡಿಯಲ್ಲಿ ನೀಲಿ ಧಾರಾಳ, ಅಲ್ಲಿ ಪರವಾಗಿಲ್ಲ.

ಫಿಲಂ ತೊಳೆಯುವಾಗ ನಮ್ಮ ಊರಿನ ಹವೆಯೇ ದೊಡ್ಡ ತೊಡಕು. ಚಿತ್ರ ಮೂಡಿಸುವ ರಾಸಾಯನಿಕವಾದ ಡೆವಲಪರ್ ಡಬ್ಬದ ಮೇಲೆ ಬರೆದಿರುವುದು 20 ಡಿಗ್ರಿಯ ಲೆಕ್ಕ. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು 30 ದಾಟುತ್ತದೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ, ಬಾಯಿಗೆ ತಣ್ಣಗೆನಿಸುವ ನೀರಿಗೂ ಥರ್ಮಾಮೀಟರ್ ಇಟ್ಟರೆ 25ರ ಮೇಲೆಯೇ ತೋರಿಸುತ್ತದೆ. 20ರಲ್ಲಿ ಹತ್ತು ನಿಮಿಷ ಬೇಕಾದದ್ದು 24ರಲ್ಲಿ ಏಳು ನಿಮಿಷಕ್ಕೆ ಮುಗಿಯುತ್ತದೆ, 30ರಲ್ಲಿ ನಾಲ್ಕರ ಹತ್ತಿರ. ಐದು ನಿಮಿಷಕ್ಕಿಂತ ಕೆಳಗಿಳಿದರೆ ಆಕಾಶದ ಭಾಗದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಐಸ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಬಕೆಟ್ ನೀರಿನಲ್ಲಿಟ್ಟು, ಡೆವಲಪರ್, ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೋ, ತೊಳೆಯುವ ನೀರು ಎಲ್ಲವನ್ನೂ ಒಂದೇ ಉಷ್ಣತೆಗೆ ತನ್ನಿ. ಡೆವಲಪರ್ ಮಾತ್ರ ತಣ್ಣಗಿದ್ದು ನೀರು ಬಿಸಿಯಿದ್ದರೆ ಜೆಲಟಿನ್ ಹಿಗ್ಗಿ ಸುಕ್ಕುಗಟ್ಟುತ್ತದೆ. ಹಾಗಾದ ನೆಗೆಟಿವನ್ನು ಸರಿಮಾಡುವ ಉಪಾಯವಿಲ್ಲ.

ಹೊಸ ರೋಲನ್ನು ಫ್ರಿಜ್‌ನಲ್ಲಿಟ್ಟಿದ್ದರೆ ಹೊರತೆಗೆದು ಕೆಲವು ಗಂಟೆ ಬಿಟ್ಟೇ ಡಬ್ಬಿ ತೆರೆಯಿರಿ, ಇಲ್ಲದಿದ್ದರೆ ಮೇಲೆ ಹನಿ ಕಟ್ಟುತ್ತದೆ. ಫೋಟೋ ತೆಗೆದು ಮುಗಿದ ರೋಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲದಲ್ಲಿ ಮರೆತುಬಿಡಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಜೆಲಟಿನ್ ಎಂದರೆ ಬೂಷ್ಟಿಗೆ ಊಟ. ಆ ವಾರವೇ ತಂದುಕೊಡಿ. ಕವರಿನ ಮೇಲೆ ಯಾವ ಫಿಲಂ, ಯಾವ ವೇಗಕ್ಕೆ ಇಟ್ಟು ತೆಗೆದದ್ದು, ಬಿಸಿಲೋ ದೀಪದ ಬೆಳಕೋ ಎಂದು ಬರೆದಿರಿ. ಅಷ್ಟು ಗೊತ್ತಿದ್ದರೆ ಎಷ್ಟು ನಿಮಿಷ ಡೆವಲಪ್ ಮಾಡಬೇಕೆಂದು ಲೆಕ್ಕ ಹಾಕಬಹುದು.